ಆಸ್ಪತ್ರೆಯ ತಂಡವನ್ನು ಯಾವ ಕಣ್ಣಿನಿಂದ ನೋಡುವುದು? ಅಧ್ಯಯನಕ್ಕೆ ಹೊರಟವರಿಗೆ ಒಂದು ಹೋಲಿಕೆ

ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ, ಕೊಡುವ ತಿಂಗಳು ಹತ್ತಿರ ಬಂತೆಂದರೆ ನನಗೆ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ಎಂ.ಎಸ್ಸಿ. ನರ್ಸಿಂಗ್ ಓದುವವರು, ಕಮ್ಯುನಿಟಿ ಮೆಡಿಸಿನ್ ಪಿ.ಜಿ.ಗಳು, ಆಸ್ಪತ್ರೆ ಆಡಳಿತ ಓದುವವರು, ಈಚೆಗೆ ಸಮಾಜಶಾಸ್ತ್ರದವರೂ ಸೇರಿಕೊಂಡಿದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಇದೇ ಪಾಡು: "ಡಾಕ್ಟ್ರು, ಸಿಸ್ಟರ್‌ಗಳು, ಟೆಕ್ನಿಷಿಯನ್‌ಗಳು ಒಟ್ಟಿಗೆ ಹೇಗೆ ಕೆಲಸ ಮಾಡ್ತಾರೆ ಅನ್ನೋದರ ಮೇಲೆ ಥೀಸಿಸ್ ಮಾಡಬೇಕು ಅಂತಿದೀನಿ ಸರ್. ಒಬ್ಬರು ಪ್ರಶ್ನಾವಳಿ ಹಂಚು ಅಂತಾರೆ, ಇನ್ನೊಬ್ಬರು ವಾರ್ಡಲ್ಲಿ ಕೂತು ನೋಡು ಅಂತಾರೆ, ನಮ್ಮ ಗೈಡು ಚೆಕ್‌ಲಿಸ್ಟ್ ಹಾಕಿ ಮೊದಲು-ಆಮೇಲೆ ಹೋಲಿಸು ಅಂತಾರೆ. ಯಾವುದು ಹಿಡೀಲಿ?"

ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಈ ಮೂರೂ ಸಲಹೆಗಳು ಬರಿಯ ವಿಧಾನಗಳಲ್ಲ. ಒಂದೊಂದರ ಬೆನ್ನಿಗೂ ಒಂದೊಂದು ಶಾಸ್ತ್ರವಿದೆ, ಆ ಶಾಸ್ತ್ರಕ್ಕೆ ತನ್ನದೇ ನಂಬಿಕೆಗಳಿವೆ. "ತಂಡ" ಎಂದರೆ ಯಾರು ಎಂಬುದನ್ನೇ ಅವು ಬೇರೆ ಬೇರೆಯಾಗಿ ಬಗೆಯುತ್ತವೆ. ಇದನ್ನು ಅರಿಯದೆ ಸೀನಿಯರ್ ಬಳಸಿದ ಪ್ರಶ್ನಾವಳಿಯನ್ನೇ ಜೆರಾಕ್ಸ್ ಮಾಡಿಸಿಕೊಂಡು ಹೊರಟರೆ, ಉತ್ತರವೂ ಸೀನಿಯರ್‌ಗೆ ಸಿಕ್ಕಿದ್ದೇ ಸಿಗುತ್ತದೆ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲನೆಯದು ನಿಮ್ಮ ಪ್ರಶ್ನೆಯ ಜಾತಿ. ಎಷ್ಟು ಹೊಂದಾಣಿಕೆ ಇದೆ ಎಂದು ಅಳೆಯಬೇಕೆ, ಹೊಂದಾಣಿಕೆ ಹೇಗೆ ನಡೆಯುತ್ತದೆ ಎಂದು ನೋಡಬೇಕೆ, ಅದು ಏಕೆ ಮುರಿಯುತ್ತದೆ ಎಂದು ತಿಳಿಯಬೇಕೆ, ಇಲ್ಲ ಅದನ್ನು ಸರಿಪಡಿಸಿದರೆ ರೋಗಿಗೆ ಗುಣವಾಗುತ್ತದೆಯೇ ಎಂದು ಸಾಬೀತು ಮಾಡಬೇಕೆ? ಈ ನಾಲ್ಕಕ್ಕೂ ಒಂದೇ ದಾರಿಯಲ್ಲಿ ಉತ್ತರ ಸಿಗುವುದಿಲ್ಲ. ಸಿಗುತ್ತದೆ ಎಂದು ಸಿನಾಪ್ಸಿಸ್‌ನಲ್ಲಿ ಬರೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯದು, ಲೆಕ್ಕಕ್ಕೆ ಯಾರು ಸೇರುತ್ತಾರೆ? ಹೊರದೇಶದ ಬಹುತೇಕ ಮಾಪನಗಳಲ್ಲಿ ತಂಡವೆಂದರೆ ಸರ್ಜನ್, ಅರಿವಳಿಕೆ ತಜ್ಞ, ನರ್ಸ್. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಬ್ಲಡ್ ಬ್ಯಾಂಕಿಗೆ ಚೀಟಿ ಹಿಡಿದು ಓಡುವವರು ರೋಗಿಯ ಕಡೆಯವರು. ಸ್ಟ್ರೆಚರ್ ತಳ್ಳುವ ವಾರ್ಡ್ ಬಾಯ್, ಹೆರಿಗೆ ಕೋಣೆಯ ಆಯಾ, ಲ್ಯಾಬಿನಿಂದ ರಿಪೋರ್ಟ್ ತರುವ ಹುಡುಗ, ಇವರಿಲ್ಲದೆ ಕೆಲಸ ಸಾಗುವುದಿಲ್ಲ. ನಿಮ್ಮ ಶಾಸ್ತ್ರದಲ್ಲಿ ಇವರಿಗೆ ಜಾಗ ಇದೆಯೇ ನೋಡಿಕೊಳ್ಳಿ.

ಮೂರನೆಯದು ಬಾಗಿಲು. ನೀವು ಅದೇ ಆಸ್ಪತ್ರೆಯ ಒಳಗಿನವರೋ, ಹೊರಗಿನಿಂದ ಬಂದವರೋ? ಓ.ಟಿ.ಯೊಳಗೆ (ಆಪರೇಷನ್ ಥಿಯೇಟರಿನೊಳಗೆ) ನಿಲ್ಲಲು ಬಿಡುತ್ತಾರೆಯೇ, ರೆಕಾರ್ಡ್ ಮಾಡಲು ಬಿಡುತ್ತಾರೆಯೇ? ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕಿದ ಮೇಲೂ ಥಿಯೇಟರಿನ ಇನ್‌ಚಾರ್ಜ್ ಸಿಸ್ಟರ್ ಒಪ್ಪಬೇಕು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಅನುಮತಿ.

ಇನ್ನುಳಿದದ್ದು ಕೈಯಲ್ಲಿರುವ ತಿಂಗಳು, ಕಾಸು, ಕಡೆಗೆ ಇದನ್ನು ಓದುವವರು ಯಾರು ಎಂಬುದು. ಪರೀಕ್ಷಕರು ಓದುವುದಕ್ಕೂ, ಮೆಡಿಕಲ್ ಸೂಪರಿಂಟೆಂಡೆಂಟ್ ಓದಿ ನಾಳೆ ಏನಾದರೂ ಬದಲಿಸುವುದಕ್ಕೂ ಬರವಣಿಗೆ ಬೇರೆ, ಪುರಾವೆಯೂ ಬೇರೆ.

ಪ್ರಶ್ನಾವಳಿ: ಮನಶ್ಶಾಸ್ತ್ರದ ದಾರಿ

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ. ಅಗ್ಗ, ಬೇಗ ಮುಗಿಯುತ್ತದೆ, ಅಂಕಿಅಂಶ ಬರುತ್ತದೆ, ಪರೀಕ್ಷಕರು ತಕರಾರು ಮಾಡುವುದಿಲ್ಲ. "ನನ್ನ ಸಂದೇಹವನ್ನು ಹಿರಿಯರ ಮುಂದೆ ಹೇಳಲು ಅಳುಕಿಲ್ಲ" ಎಂಬಂಥ ವಾಕ್ಯಕ್ಕೆ ಒಂದರಿಂದ ಐದರವರೆಗೆ ಗುರುತು ಹಾಕಿಸಿಕೊಳ್ಳುವುದು. ಇದರ ಹಿಂದಿರುವ ನಂಬಿಕೆ ಏನೆಂದರೆ, ತಂಡದ ಹವೆ ಜನರ ಮನಸ್ಸಿನಲ್ಲಿದೆ, ಕೇಳಿದರೆ ಹೇಳುತ್ತಾರೆ.

ಸರಿಯಾಗಿ ಬಳಸಿದರೆ ಇದು ಎಷ್ಟು ಹರಿತ ಎನ್ನುವುದಕ್ಕೆ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸೆಕ್ಸ್‌ಟನ್, ಥಾಮಸ್, ಹೆಲ್ಮ್‌ರೈಕ್ ಅವರ ಲೇಖನ ನೋಡಬೇಕು. ಐದು ದೇಶಗಳ ಓ.ಟಿ. ಮತ್ತು ಐ.ಸಿ.ಯು.ಗಳ 1,033 ಮಂದಿಯನ್ನೂ, 30,000ಕ್ಕೂ ಹೆಚ್ಚು ವಿಮಾನ ಸಿಬ್ಬಂದಿಯನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ಕೇಳಿದರು. ಕಿರಿಯರು ಬಾಯಿ ತೆರೆಯಬಾರದೆಂಬ ಏರ್ಪಾಡನ್ನು ಪೈಲಟ್‌ಗಳಲ್ಲಿ ಶೇ. 97 ಮಂದಿ ತಳ್ಳಿಹಾಕಿದರು, ಹಿರಿಯ ಸರ್ಜನ್‌ಗಳಲ್ಲಿ ಶೇ. 55 ಮಾತ್ರ. ಹಿರಿಯ ಸರ್ಜನ್‌ಗಳೊಂದಿಗೆ ತಂಡದ ಕೆಲಸ ತುಂಬ ಚೆನ್ನಾಗಿದೆ ಎಂದವರು ಆ ಹಿರಿಯ ಸರ್ಜನ್‌ಗಳಲ್ಲೇ ಶೇ. 64, ಶಸ್ತ್ರಚಿಕಿತ್ಸೆಯ ನರ್ಸುಗಳಲ್ಲಿ ಶೇ. 28, ಅರಿವಳಿಕೆ ಕಲಿಯುತ್ತಿದ್ದ ರೆಸಿಡೆಂಟ್‌ಗಳಲ್ಲಿ ಬರೀ ಶೇ. 10. ಕೆಲಸ ಮಾಡುವುದು ಒಂದೇ ಮೇಜಿನ ಸುತ್ತ, ಕಾಣುವುದು ಮಾತ್ರ ಬೇರೆ ಬೇರೆ ತಂಡ. ಪ್ರಶ್ನಾವಳಿಯ ನಿಜವಾದ ಬಲ ಇಲ್ಲಿದೆ: ಒಟ್ಟು ಸರಾಸರಿಯಲ್ಲಿ ಅಲ್ಲ, ಒಬ್ಬೊಬ್ಬರ ಹುದ್ದೆಗೆ ತಕ್ಕಂತೆ ಉತ್ತರ ಎಷ್ಟು ದೂರ ಸರಿಯುತ್ತದೆ ಎಂಬುದರಲ್ಲಿ. ನಮ್ಮ ಥೀಸಿಸ್‌ಗಳು ಎಡವುವುದೂ ಇಲ್ಲೇ. "ಸರಾಸರಿ 3.8, ತೃಪ್ತಿಕರ" ಎಂದು ಬರೆದು ಮುಗಿಸುತ್ತಾರೆ.

ಇನ್ನೊಂದು ಅಪಾಯ ನಾನೇ ಅನುಭವಿಸಿದ್ದು. ಒಂದು ಆಸ್ಪತ್ರೆಯಲ್ಲಿ ನಲವತ್ತು ಫಾರಂ ಹಂಚಿ, ವಾರ ಬಿಟ್ಟು ಹೋದೆ. ಇನ್‌ಚಾರ್ಜ್ ಪ್ರೀತಿಯಿಂದ ಅಷ್ಟನ್ನೂ ಅಚ್ಚುಕಟ್ಟಾಗಿ ಪಿನ್ ಹಾಕಿ ಕೊಟ್ಟರು. ಎಲ್ಲದರಲ್ಲೂ ನಾಲ್ಕು, ನಾಲ್ಕು, ನಾಲ್ಕು. ಮೂವತ್ತಕ್ಕೂ ಹೆಚ್ಚು ಫಾರಂಗಳಲ್ಲಿ ಒಂದೇ ನೀಲಿ ಪೆನ್ನು. ಕಾಫಿ ಕುಡಿಸಿ ಕಳಿಸಿದರು. ಆ ಕಾಫಿಯಲ್ಲಿ ನಮ್ಮ ಆಸ್ಪತ್ರೆಗಳ ಬಗ್ಗೆ ಆ ನಲವತ್ತು ಫಾರಂಗಳಿಗಿಂತ ಹೆಚ್ಚು ಮಾಹಿತಿ ಇತ್ತು. ಅಂದಿನಿಂದ ಲಕೋಟೆ, ಗೋಂದು, ಬೀಗ ಹಾಕಿದ ಡಬ್ಬಿ ಇಲ್ಲದೆ ಪ್ರಶ್ನಾವಳಿ ಹಂಚುವುದಿಲ್ಲ.

ಸಂಖ್ಯೆಯನ್ನು ಓದುವುದೂ ಸುಲಭವಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಎರಡು ಬೋಧನಾ ಆಸ್ಪತ್ರೆಗಳ ಎಂಟು ವಾರ್ಡುಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ಅಂಕಿ ಉಲ್ಟಾ ಹೇಳಿತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಈ ಫಲಿತಾಂಶ ಗೊತ್ತಿಲ್ಲದ ಸಹಾಯಕರೊಬ್ಬರು ವಾರ್ಡುಗಳಿಗೆ ಹೋಗಿ ನೋಡಿ, ಮಾತಾಡಿಸಿ ಬಂದ ಮೇಲೆ ಗುಟ್ಟು ಬಿಚ್ಚಿಕೊಂಡಿತು: ಒಳ್ಳೆಯ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಮುಚ್ಚಿಡುತ್ತಿರಲಿಲ್ಲ. ಆ ಒಬ್ಬರು ವಾರ್ಡಿಗೆ ಹೋಗದೇ ಇದ್ದಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು.

ಲೆಕ್ಕದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀವು ಅಧ್ಯಯನ ಮಾಡುತ್ತಿರುವುದು ತಂಡವನ್ನಾದರೆ, ನಾಲ್ಕು ವಾರ್ಡುಗಳ ನೂರು ಸಿಸ್ಟರ್‌ಗಳನ್ನು ಕೇಳಿದರೂ ನಿಮ್ಮ ಬಳಿ ಇರುವುದು ನಾಲ್ಕು ತಂಡ. ನೂರು ಅಲ್ಲ.

ಗುರುತು ಹಾಳೆ ಹಿಡಿದು ನೋಡುವುದು: ವಿಮಾನದಿಂದ ಬಂದ ದಾರಿ

1977ರಲ್ಲಿ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಕಿರಿಯ ಸಿಬ್ಬಂದಿಯೊಬ್ಬರಿಗೆ ರನ್‌ವೇ ಖಾಲಿ ಇದೆಯೇ ಎಂಬ ಅನುಮಾನ ಬಂದಿತ್ತು. ಕೇಳಿಯೂ ಇದ್ದರು. ಹಿರಿಯ ಕ್ಯಾಪ್ಟನ್ ವಿಮಾನವನ್ನು ನಿಲ್ಲಿಸಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ವಿಮಾನ ಸಿಬ್ಬಂದಿಯ ತಂಡ ತರಬೇತಿ ಒಂದು ಶಾಸ್ತ್ರವಾಗಿ ಬೆಳೆಯಿತು. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಮತ್ತು ಸಂಗಡಿಗರು ಅದನ್ನು ಅರಿವಳಿಕೆ ವಿಭಾಗಕ್ಕೆ, ಬೊಂಬೆ ರೋಗಿಯನ್ನು ಇಟ್ಟುಕೊಂಡು ಮಾಡುವ ಸಿಮ್ಯುಲೇಷನ್‌ಗೆ ತಂದರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಹಾಗಾಗಿ ತಪ್ಪನ್ನು ಹಿಡಿಯುವಂತೆ ವ್ಯವಸ್ಥೆಯನ್ನು ಕಟ್ಟಬೇಕು ಎಂಬುದು ಇಲ್ಲಿನ ನಂಬಿಕೆ.

2005ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ಈ ಶಾಸ್ತ್ರದವರು ಇಂದಿಗೂ ಪಾಠ ಮಾಡುತ್ತಾರೆ. ಸಣ್ಣ ಶಸ್ತ್ರಚಿಕಿತ್ಸೆಗೆ ಹೋದ ಮಹಿಳೆಗೆ ಅರಿವಳಿಕೆ ಕೊಟ್ಟ ಮೇಲೆ ಉಸಿರ್ನಾಳಕ್ಕೆ ಕೊಳವೆ ಹಾಕಲಾಗಲಿಲ್ಲ. ಅನುಭವಿ ವೈದ್ಯರು ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸುತ್ತ ಹೋದರು. ಗಂಟಲಿಗೆ ರಂಧ್ರ ಮಾಡುವ ಸಲಕರಣೆಯನ್ನು ನರ್ಸೊಬ್ಬರು ತಂದಿಟ್ಟಿದ್ದರು. ಅದನ್ನು ಬಳಸುವಂತೆ ವೈದ್ಯರಿಗೆ ದಾಟುವ ಹಾಗೆ ಹೇಳುವ ದಾರಿ ಅಲ್ಲಿ ಇರಲಿಲ್ಲ. ಆಕೆ ಕೆಲವು ದಿನಗಳ ನಂತರ ತೀರಿಕೊಂಡರು. ಆಕೆಯ ಪತಿ ಮಾರ್ಟಿನ್ ಬ್ರೋಮಿಲಿ ಸ್ವತಃ ಪೈಲಟ್. ಯಾರನ್ನೂ ದೂರದೆ, "ತಂಡ ಹೇಗೆ ಕೆಲಸ ಮಾಡಿತು" ಎಂದು ಕೇಳುವ ಸಂಸ್ಥೆಯೊಂದನ್ನೇ ಕಟ್ಟಿದರು.

ಈ ದಾರಿಯಲ್ಲಿ ಕೆಲಸ ಮಾಡುವ ರೀತಿ ಸರಳ. ಓ.ಟಿ.ಯ ಮೂಲೆಯಲ್ಲಿ ನಿಂತು, ಕಂಡ ನಡವಳಿಕೆಗೆ ಅಂಕ ಹಾಕುವುದು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸರ್ಜನ್‌ಗಳಿಗಾಗಿ ರೂಪಿಸಿದ ನಾಟ್ಸ್ ಎಂಬ ಮಾಪನದಲ್ಲಿ ನಾಲ್ಕು ಭಾಗಗಳಿವೆ: ಸುತ್ತ ನಡೆಯುವುದರ ಅರಿವು, ನಿರ್ಧಾರ, ಸಂವಹನ ಮತ್ತು ತಂಡದ ಕೆಲಸ, ನಾಯಕತ್ವ. ಖರ್ಚು ಹೆಚ್ಚಿಲ್ಲ. ಆದರೆ ಒಬ್ಬರೇ ಮಾಡುವ ಕೆಲಸವಲ್ಲ, ಇಬ್ಬರು ತರಬೇತಾದ ವೀಕ್ಷಕರು ಬೇಕು, ಅವರಿಬ್ಬರ ಅಂಕ ತಾಳೆಯಾಗಬೇಕು. ಸಿಮ್ಯುಲೇಷನ್ ಮಾಡುತ್ತೇನೆಂದರೆ ಲ್ಯಾಬ್ ಇರುವ ಕಾಲೇಜೇ ಬೇಕು. ಸರ್ಜರಿ ಪಿ.ಜಿ.ಗಳಿಗೆ ಒಂದು ಕಿವಿಮಾತು: ನಿಮ್ಮದೇ ಯೂನಿಟ್ ಚೀಫ್‌ಗೆ ನೀವು ನಾಯಕತ್ವದ ಅಂಕ ಹಾಕುವುದು ಬೇಡ. ಕಡಿಮೆ ಹಾಕಿದರೆ ನಿಮಗೆ ಕಷ್ಟ, ಹೆಚ್ಚು ಹಾಕಿದರೆ ಥೀಸಿಸ್‌ಗೆ ಕಷ್ಟ.

ಕೊರತೆ ಎಂದರೆ ಹಾಳೆಯಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ನರ್ಸೊಬ್ಬಳು ಬಾಯಿ ಬಿಡಲಿಲ್ಲ ಎಂದು ಗುರುತು ಹಾಕಬಹುದು. ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಆಕೆ ಹತ್ತು ವರ್ಷಗಳಲ್ಲಿ ಏನನ್ನು ಕಲಿತಿದ್ದಾಳೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಕೂತು ನೋಡುವುದು: ಸಮಾಜಶಾಸ್ತ್ರ, ಮಾನವಶಾಸ್ತ್ರ

ಆ ಅಂಕಣ ಇರುವುದು ಇಲ್ಲಿ. ಆನ್ಸೆಲ್ಮ್ ಸ್ಟ್ರಾಸ್ ಮತ್ತು ಸಂಗಡಿಗರು 1963ರಲ್ಲಿ ಮನೋರೋಗ ಆಸ್ಪತ್ರೆಯೊಂದನ್ನು ಆಧರಿಸಿ ಹೇಳಿದ್ದು, ಆಸ್ಪತ್ರೆ ನಡೆಯುವುದು ನಿಯಮದ ಪುಸ್ತಕದಿಂದ ಅಲ್ಲ, ದಿನದಿನದ ಚೌಕಾಸಿಯಿಂದ. ಯಾರು ಯಾವ ಕೆಲಸ ಮಾಡಬೇಕು, ಯಾರ ಮಾತು ನಡೆಯಬೇಕು ಎಂಬುದು ಪ್ರತಿ ಪಾಳಿಯಲ್ಲೂ ಮತ್ತೆ ಇತ್ಯರ್ಥವಾಗುತ್ತದೆ. ಎಲಿಯಟ್ ಫ್ರೀಡ್‌ಸನ್ 1970ರಲ್ಲಿ ವೈದ್ಯ ವೃತ್ತಿ ಉಳಿದ ವೃತ್ತಿಗಳ ಮೇಲೆ ಹಿಡಿತ ಸಾಧಿಸಿದ ಬಗೆಯನ್ನು ಬಿಡಿಸಿಟ್ಟರು. ಅವರ ಕಣ್ಣಿಗೆ "ತಂಡ" ಎಂಬ ಮಾತೇ ಅನುಮಾನಾಸ್ಪದ.

ನನಗೆ ಅಚ್ಚುಮೆಚ್ಚಿನದು ಲಿಯೊನಾರ್ಡ್ ಸ್ಟೀನ್ ಎಂಬ ಮನೋವೈದ್ಯರು 1967ರಲ್ಲಿ ಬರೆದ ಚಿಕ್ಕ ಲೇಖನ. ವೈದ್ಯ ಮತ್ತು ನರ್ಸ್ ಆಡುವ ಒಂದು ಆಟವನ್ನು ಅವರು ವಿವರಿಸುತ್ತಾರೆ. ನರ್ಸ್ ಸಲಹೆ ಕೊಡಬೇಕು, ಆದರೆ ಸಲಹೆ ಕೊಟ್ಟಂತೆ ಕಾಣಬಾರದು. ವೈದ್ಯ ಸಲಹೆ ಕೇಳಬೇಕು, ಆದರೆ ಕೇಳಿದಂತೆ ಕಾಣಬಾರದು. ನಮ್ಮ ವಾರ್ಡಿನಲ್ಲಿ ಇದು ಹೇಗೆ ಕೇಳಿಸುತ್ತದೆ ಎಂದರೆ, "ಸರ್, ಹನ್ನೆರಡನೇ ಬೆಡ್ಡು ಸ್ವಲ್ಪ ಬೆವರ್ತಾ ಇದಾರೆ. ಹೋದ ವಾರ ಆ ಅಜ್ಜನಿಗೆ ಹೀಗೇ ಆದಾಗ ನೀವು ಶುಗರ್ ನೋಡಿ ಅಂದಿದ್ರಿ, ಅಲ್ವಾ ಸರ್?" "ಹ್ಞೂಂ, ನೋಡಿಬಿಡಿ ಸಿಸ್ಟರ್." ಗ್ಲೂಕೋಮೀಟರ್ ಆಗಲೇ ಆಕೆಯ ಕೈಯಲ್ಲಿರುತ್ತದೆ. ಯಾವ ಪ್ರಶ್ನಾವಳಿಯಲ್ಲೂ ಇದು ಸಿಗುವುದಿಲ್ಲ. ಯಾಕೆಂದರೆ ಇಬ್ಬರಿಗೂ ತಾವು ಆಟ ಆಡುತ್ತಿದ್ದೇವೆ ಎಂಬ ಎಚ್ಚರವೇ ಇರುವುದಿಲ್ಲ.

ಬೆಲೆ ಮಾತ್ರ ದುಬಾರಿ, ಕಾಸಿನಲ್ಲಲ್ಲ, ಕಾಲದಲ್ಲಿ. ಮೊದಲ ತಿಂಗಳು ಎಲ್ಲರೂ ನಿಮ್ಮೆದುರು ಚೆನ್ನಾಗಿ ನಡೆದುಕೊಳ್ಳುತ್ತಾರೆ. ನಿಮ್ಮ ಇರವು ಗೋಡೆಯ ಕ್ಯಾಲೆಂಡರಿನಷ್ಟು ಹಳತಾದ ಮೇಲೆ ನಿಜ ಹೊರಬರುತ್ತದೆ. ಆರು ತಿಂಗಳ ಥೀಸಿಸ್‌ಗೆ ಇದು ಒಗ್ಗುವುದು ಕಷ್ಟ. ಮೆಡಿಕಲ್ ಕಾಲೇಜಿನ ಕಮಿಟಿಯಲ್ಲಿ ಮೊದಲ ಪ್ರಶ್ನೆಯೇ "ಸ್ಯಾಂಪಲ್ ಸೈಜ್ ಎಷ್ಟು?" ಉತ್ತರ "ಒಂದು ವಾರ್ಡು, ಎಂಟು ತಿಂಗಳು" ಎಂದರೆ ಮುಖ ಮುಖ ನೋಡುತ್ತಾರೆ. ಗುಣಾತ್ಮಕ ಸಂಶೋಧನೆ ಬಲ್ಲ ಒಬ್ಬ ಗೈಡ್ ಆದರೂ ಇಲ್ಲದಿದ್ದರೆ ಈ ಸಾಹಸ ಬೇಡ.

ಒಳಗಿನವರಿಗೆ ಇನ್ನೊಂದು ಇಕ್ಕಟ್ಟು. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಒಬ್ಬರೇ ಇದ್ದಾಗ "ಹೆಸರು ಬದಲಿಸಿದೆ" ಎಂದರೆ ಏನು ಬಂತು? ಊರಿಗೇ ಗೊತ್ತಾಗುತ್ತದೆ. ನಾಳೆ ಅವರ ಪಕ್ಕದಲ್ಲೇ ನಿಂತು ಕೆಲಸ ಮಾಡಬೇಕಾದವರು ನೀವು. ಹೊರಗಿನವರಿಗೆ ಆ ಹಂಗಿಲ್ಲ. ಆದರೆ "ಬಿ.ಪಿ. ಡೌನ್ ಆಗ್ತಿದೆ" ಎಂದಾಗ ಕೋಣೆಯ ಗಾಳಿ ಬದಲಾದದ್ದು ಅವರಿಗೆ ತಕ್ಷಣ ತಿಳಿಯುವುದೂ ಇಲ್ಲ.

ಆದರೂ ಒಂದು ಮಾತು ಖಚಿತ: ಆಯಾ, ವಾರ್ಡ್ ಬಾಯ್, ರೋಗಿಯ ಕಡೆಯವರು ಕಾಣಿಸಿಕೊಳ್ಳುವುದು ಈ ದಾರಿಯಲ್ಲಿ ಮಾತ್ರ. ತಂಡದ ಗೆರೆಯನ್ನು ಮೊದಲೇ ಎಳೆದುಕೊಂಡು ಬರದ ಶಾಸ್ತ್ರ ಇದೊಂದೇ.

ಮಾತನ್ನೇ ಕೇಳುವುದು: ಭಾಷಾಧ್ಯಯನ

ಕೆನಡಾದ ಲೊರೆಲೈ ಲಿಂಗಾರ್ಡ್ ಮೂಲತಃ ಮಾತಿನ ಶಾಸ್ತ್ರದವರು, ವೈದ್ಯೆಯಲ್ಲ. 2004ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ 48 ಶಸ್ತ್ರಚಿಕಿತ್ಸೆಗಳನ್ನು ನೋಡಿ 421 ಸಂವಹನಗಳನ್ನು ಬರೆದುಕೊಂಡರು. ಅದರಲ್ಲಿ 129 ವಿಫಲ. ಅತಿ ಹೆಚ್ಚು ಕಂಡ ಕಾರಣ ಹೇಳಿದ್ದು ತಪ್ಪಾದ್ದಲ್ಲ, ಹೇಳಿದ ಹೊತ್ತು ತಪ್ಪಿದ್ದು. ಆಂಟಿಬಯೋಟಿಕ್ ಕೊಟ್ಟಿದ್ದೀರಾ ಎಂದು ಕೊಯ್ದ ಮೇಲೆ ಕೇಳಿದರೆ ಏನು ಪ್ರಯೋಜನ?

ಕರ್ನಾಟಕದಲ್ಲಿ ಈ ದಾರಿ ಹೆಚ್ಚು ತುಳಿದದ್ದಲ್ಲ ಎಂಬುದು ನನಗೆ ಆಶ್ಚರ್ಯ. ಬೆಂಗಳೂರಿನ ಯಾವುದೇ ದೊಡ್ಡ ವಾರ್ಡಿಗೆ ಹೋಗಿ. ಸಿಸ್ಟರ್‌ಗಳು ತಮ್ಮಲ್ಲಿ ಮಲಯಾಳಂ ಮಾತಾಡುತ್ತಾರೆ, ಪಿ.ಜಿ.ಗಳು ಹಿಂದಿ, ಕೇಸ್ ಶೀಟು ಇಂಗ್ಲಿಷ್, ಅಟೆಂಡರ್ ಕನ್ನಡ, ರೋಗಿಯದು ತೆಲುಗೋ ದಖನಿಯೋ. ರಾತ್ರಿ ಎಂಟಕ್ಕೆ ಪಾಳಿ ಬದಲಾಗಿ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಒಂದು ಮಾತು ಎಷ್ಟು ಭಾಷೆ ದಾಟುತ್ತದೆ, ದಾಟುವಾಗ ಏನು ಉದುರುತ್ತದೆ? ಸಂಬೋಧನೆಯನ್ನೇ ಗಮನಿಸಿ. ಕೆಳಗಿನಿಂದ ಮೇಲಕ್ಕೆ "ಸರ್, ಮೇಡಂ." ಅಡ್ಡಡ್ಡ "ಸಿಸ್ಟರ್, ಬ್ರದರ್." ಮೇಲಿನಿಂದ ಕೆಳಕ್ಕೆ ಬರೀ ಹೆಸರು, ಏಕವಚನ. ಐವತ್ತು ದಾಟಿದ ಆಯಾಳನ್ನು ಇಪ್ಪತ್ತೈದರ ಹೌಸ್ ಸರ್ಜನ್ "ಬಾ ಇಲ್ಲಿ" ಎನ್ನುವುದು ಬರಿಯ ಅಸಭ್ಯತೆಯಲ್ಲ, ಅಧ್ಯಯನಕ್ಕೆ ಸಾಮಗ್ರಿ. ಹೋಗಿ-ಬನ್ನಿ, ಹೋಗು-ಬಾ ಎಂಬ ಭೇದವೇ ಇಲ್ಲದ ಇಂಗ್ಲಿಷಿನಲ್ಲಿ ರೂಪಿಸಿದ ಮಾಪನಕ್ಕೆ ಇದು ಕಾಣುವುದಿಲ್ಲ. ಕನ್ನಡ ಎಂ.ಎ. ಅಥವಾ ಭಾಷಾವಿಜ್ಞಾನ ಮಾಡಿದವರಿಗೆ ಇಲ್ಲಿ ವೈದ್ಯರಿಗಿಂತ ಹೆಚ್ಚಿನ ಅನುಕೂಲ ಇದೆ.

ತೊಂದರೆ ಎರಡು. ರೆಕಾರ್ಡ್ ಮಾಡುವುದಕ್ಕೆ ಸಿಬ್ಬಂದಿ, ರೋಗಿ ಇಬ್ಬರ ಒಪ್ಪಿಗೆಯೂ ಬೇಕು, ವಕೀಲರ ಭಯಕ್ಕೆ ಆಡಳಿತ ಬೇಡ ಎನ್ನುವುದೇ ಹೆಚ್ಚು. ಮತ್ತೆ, ಒಂದು ಗಂಟೆಯ ಗದ್ದಲದ ರೆಕಾರ್ಡಿಂಗನ್ನು ಬರಹಕ್ಕಿಳಿಸಲು ದಿನವೇ ಬೇಕಾಗುತ್ತದೆ.

ಮಾಡಿ ನೋಡುವುದು: ಪ್ರಯೋಗದ ದಾರಿ

ಗೈಡುಗಳಿಗೆ ಇಷ್ಟವಾದ ದಾರಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟನ್ನು ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಬಂತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಒಂದು ಪುಟದ ಕಾಗದ, ಕೊಯ್ಯುವ ಮುಂಚೆ ಎಲ್ಲರೂ ಹೆಸರು ಹೇಳಿಕೊಳ್ಳುವಂಥ ಕೆಲವು ಸರಳ ಅಂಶಗಳು, ಅಷ್ಟೆ. ಜಗತ್ತೇ ಹಿಂದೆ ಬಿತ್ತು. ಆಮೇಲೆ 2014ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಲೆಕ್ಕ ಬಂತು. ಚೆಕ್‌ಲಿಸ್ಟ್ ಕಡ್ಡಾಯವಾದ ಮೇಲೆ ಸಾವು ಶೇ. 0.71ರಿಂದ 0.65, ಅಂದರೆ ಲೆಕ್ಕಕ್ಕೆ ಹಿಡಿಯುವಂಥ ಇಳಿಕೆ ಇಲ್ಲ.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಹೆರಿಗೆಯ ಸುರಕ್ಷತಾ ಚೆಕ್‌ಲಿಸ್ಟನ್ನು ಮೊದಲು ಪ್ರಾಯೋಗಿಕವಾಗಿ ನೋಡಿದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪ್ರತಿ ಹೆರಿಗೆಯಲ್ಲೂ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದದ್ದು 25ಕ್ಕೆ ಏರಿತು. ಅದೇ ಹುರುಪಿನಲ್ಲಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ಮಾಡಿದರು, ಒಂದೂವರೆ ಲಕ್ಷಕ್ಕೂ ಮೀರಿದ ಹೆರಿಗೆಗಳು. 2017ರಲ್ಲಿ ಫಲಿತಾಂಶ ಬಂದಾಗ, ಸಿಬ್ಬಂದಿಯ ಅಭ್ಯಾಸ ನಿಜಕ್ಕೂ ಸುಧಾರಿಸಿತ್ತು, ತರಬೇತುದಾರರು ಹೋದ ಮೇಲೆ ಒಂದಿಷ್ಟು ಜಾರಿಯೂ ಇತ್ತು. ಆದರೆ ತಾಯಿ-ಮಗುವಿನ ಸಾವು ಮತ್ತು ತಾಯಿಯ ತೀವ್ರ ತೊಂದರೆಗಳನ್ನು ಒಟ್ಟುಗೂಡಿಸಿದ ಪ್ರಮಾಣ ಚೆಕ್‌ಲಿಸ್ಟ್ ತಂದ ಕೇಂದ್ರಗಳಲ್ಲಿ ಶೇ. 15.1, ತರದ ಕೇಂದ್ರಗಳಲ್ಲಿ 15.3. ವ್ಯತ್ಯಾಸವೇ ಇಲ್ಲ.

ಪ್ರಯೋಗ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಏಕೆ ಎಂದು ಕೇಳಿದರೆ ಅದರ ಬಳಿ ಮಾತಿಲ್ಲ. ಈ ಮಾತಿಗೆ ಮಿಷಿಗನ್ ರಾಜ್ಯದ ಐ.ಸಿ.ಯು.ಗಳ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2006ರಲ್ಲಿ ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಐ.ಸಿ.ಯು.ಗಳಲ್ಲಿ ರಕ್ತನಾಳದ ಕೊಳವೆಯಿಂದ ಹರಡುವ ಸೋಂಕು, 1,000 ಕೊಳವೆ-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕೊಳವೆ ಇದ್ದರೆ ಒಂದು ಕೊಳವೆ-ದಿನ) ಮಧ್ಯಾಂಕದ ಲೆಕ್ಕದಲ್ಲಿ 2.7 ಇದ್ದದ್ದು, ಮೂರು ತಿಂಗಳಲ್ಲಿ ಸೊನ್ನೆಗೆ ಇಳಿದದ್ದನ್ನು ತೋರಿಸಿದರು. ಪತ್ರಿಕೆಗಳೆಲ್ಲ ಐದಂಶದ ಚೆಕ್‌ಲಿಸ್ಟನ್ನು ಹೊಗಳಿದವು. 2011ರಲ್ಲಿ ಸಮಾಜವಿಜ್ಞಾನಿಗಳಾದ ಮೇರಿ ಡಿಕ್ಸನ್-ವುಡ್ಸ್, ಚಾರ್ಲ್ಸ್ ಬಾಸ್ಕ್ ಮತ್ತಿತರರು ಪ್ರೊನೊವೋಸ್ಟ್ ಅವರನ್ನೇ ಜೊತೆಗೆ ಕೂರಿಸಿಕೊಂಡು ಅದೇ ಯೋಜನೆಯನ್ನು ಮತ್ತೆ ಬಿಡಿಸಿ ನೋಡಿದರು. ಕೆಲಸ ಮಾಡಿದ್ದು ಕಾಗದವಲ್ಲ. ಐ.ಸಿ.ಯು.ಗಳು ಒಂದನ್ನೊಂದು ನೋಡಿ ನಾಚಿಕೊಂಡು ತಿದ್ದಿಕೊಳ್ಳುವಂಥ ಬಳಗ ಬೆಳೆದಿತ್ತು, ಸೋಂಕನ್ನು ಹಣೆಬರಹವೆಂದು ಬಿಡದೆ ನಮ್ಮದೇ ಹೊಣೆ ಎಂದು ನೋಡುವುದು ಬಂದಿತ್ತು. ಇಂಗ್ಲೆಂಡು ಅದನ್ನೇ ನಕಲು ಮಾಡಿದಾಗ ಸೋಂಕು ಇಳಿಯಿತು. ಆದರೆ ಆ ಹೊತ್ತಿಗೆ ಎಲ್ಲ ಕಡೆಯೂ ಅದು ಇಳಿಯುತ್ತಲೇ ಇತ್ತು, ಯೋಜನೆಯ ಪಾಲನ್ನು ಬೇರೆಯಾಗಿ ತೋರಿಸಲಾಗಲಿಲ್ಲ. ಎಷ್ಟೋ ಕಡೆ ಸಿಬ್ಬಂದಿಗೆ ಅದು ಮೇಲಿನಿಂದ ಬಂದ ಇನ್ನೊಂದು ಸುತ್ತೋಲೆಯಾಗಿತ್ತು.

ಹಾಗಾದರೆ ನಿಮ್ಮ ಗೈಡ್ ಹೇಳಿದ "ಮೊದಲು-ಆಮೇಲೆ"? ಒಂದೇ ವಾರ್ಡಿನಲ್ಲಿ ಚೆಕ್‌ಲಿಸ್ಟ್ ತಂದು, ಮೂರು ತಿಂಗಳ ನಂತರ ಸುಧಾರಿಸಿತು ಎಂದರೆ, ಇಂಗ್ಲೆಂಡಿನ ತೊಡಕು ನಿಮಗೂ ಅಂಟುತ್ತದೆ. ಚೆಕ್‌ಲಿಸ್ಟ್ ತರದ ಇನ್ನೊಂದು ವಾರ್ಡನ್ನೂ ಜೊತೆಗೆ ಅಳೆಯಿರಿ. ಅದೂ ಆಗದಿದ್ದರೆ ಎರಡು ಸಲವಲ್ಲ, ತಿಂಗಳು ತಿಂಗಳೂ ಅಳೆದು ರೇಖೆ ಎಲ್ಲಿ ಬಾಗಿತು ತೋರಿಸಿ. ಸಾವು-ಬದುಕಿನ ಲೆಕ್ಕಕ್ಕೆ ಕೈ ಹಾಕಬೇಡಿ, ಅದಕ್ಕೆ ಬೇಕಾದ ಸಂಖ್ಯೆ ಒಬ್ಬ ವಿದ್ಯಾರ್ಥಿಯ ಕೈಗೆ ಎಟುಕುವಂಥದ್ದಲ್ಲ.

ಆಡಳಿತ ಮತ್ತು ಶಿಕ್ಷಣದವರ ದಾರಿ

ಎರಡನ್ನೂ ಬೇಗ ಹೇಳಿಬಿಡುತ್ತೇನೆ. ಆಡಳಿತ ಶಾಸ್ತ್ರದವರು ದಾಖಲೆ ಹಿಡಿದು ಕೂರುತ್ತಾರೆ. ಹಕ್‌ಮನ್ ಮತ್ತು ಪಿಸಾನೊ 2006ರಲ್ಲಿ ತೋರಿಸಿದ್ದು ಬಹಳ ಚೆನ್ನಾಗಿದೆ: ಹಲವು ಆಸ್ಪತ್ರೆಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಸರ್ಜನ್ ಒಂದು ಆಸ್ಪತ್ರೆಯಲ್ಲಿ ಹೆಚ್ಚು ಆಪರೇಷನ್ ಮಾಡಿದಷ್ಟೂ ಅಲ್ಲಿನ ಫಲಿತಾಂಶ ಸುಧಾರಿಸುತ್ತದೆ, ಬೇರೆ ಆಸ್ಪತ್ರೆಯಲ್ಲಿ ಮಾಡಿದ ಅನುಭವ ಇಲ್ಲಿಗೆ ಅಷ್ಟಾಗಿ ದಾಟಿ ಬರುವುದಿಲ್ಲ. ಕೈಗುಣ ಸರ್ಜನ್ನಿನ ಕೈಯಲ್ಲಷ್ಟೇ ಇಲ್ಲ ಎಂದಾಯಿತು. ಒಂದೇ ದಿನ ಮೂರು ನರ್ಸಿಂಗ್ ಹೋಮ್ ಸುತ್ತುವ ನಮ್ಮ ಊರಿನ ಸರ್ಜನ್‌ಗಳನ್ನು ನೆನೆದುಕೊಳ್ಳಿ. ಜೋಡಿ ಹಾಫರ್ ಗಿಟೆಲ್ 2000ದಲ್ಲಿ ಒಂಬತ್ತು ಆಸ್ಪತ್ರೆಗಳ ಕೀಲು ಬದಲಿ ರೋಗಿಗಳಲ್ಲಿ, ಸಿಬ್ಬಂದಿಯ ಹೊಂದಾಣಿಕೆ ಚೆನ್ನಾಗಿದ್ದಲ್ಲಿ ರೋಗಿ ಬೇಗ ಮನೆಗೆ ಹೋಗುತ್ತಾನೆ, ನೋವೂ ಕಡಿಮೆ ಎಂದು ಕಂಡರು. ಈ ದಾರಿಗೆ ಕಂಪ್ಯೂಟರಿನಲ್ಲಿ ದಾಖಲೆ ಇರುವ ಆಸ್ಪತ್ರೆ ಬೇಕು. ಕೈಬರಹದ ರಿಜಿಸ್ಟರ್ ಆದರೆ ವರ್ಷ ಅದರಲ್ಲೇ ಕಳೆಯುತ್ತದೆ.

ಶಿಕ್ಷಣದವರು ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಟ್ಟಿಗೆ ಕಲಿತರೆ ಮುಂದೆ ಒಟ್ಟಿಗೆ ಕೆಲಸ ಮಾಡುತ್ತಾರೆಯೇ ಎಂದು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇದಕ್ಕೊಂದು ಚೌಕಟ್ಟು ಕೊಟ್ಟಿದೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸೂರಿನಡಿ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲವೂ ಇವೆ. ಒಂದೇ ಕ್ಯಾಂಪಸ್ಸಿನಲ್ಲಿ ಈ ಕಾಲೇಜುಗಳು ಅಕ್ಕಪಕ್ಕ ಇರುವ ಕಡೆ ಅಧ್ಯಯನ ಸುಲಭ, ಅನುಮತಿಯೂ ಸಲೀಸು. ದೌರ್ಬಲ್ಯವೆಂದರೆ ತರಬೇತಿ ಮುಗಿದ ದಿನ "ಉಪಯೋಗವಾಯಿತು" ಎಂದು ಎಲ್ಲರೂ ಬರೆಯುತ್ತಾರೆ. ವೃತ್ತಿಗಳ ನಡುವಿನ ಸಹಕಾರವನ್ನು ಹೆಚ್ಚಿಸುವ ಕ್ರಮಗಳ ಬಗ್ಗೆ 2017ರ ಕಾಕ್ರೇನ್ ವಿಮರ್ಶೆ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ತೂಗಿ ನೋಡುವ ವರದಿ) ಜಗತ್ತನ್ನೆಲ್ಲ ಜಾಲಾಡಿದರೂ ಅರ್ಹವೆನಿಸಿದ್ದು ಒಂಬತ್ತೇ ಅಧ್ಯಯನಗಳು, ಗಟ್ಟಿ ತೀರ್ಮಾನಕ್ಕೆ ಅವೂ ಸಾಲಲಿಲ್ಲ.

ಯಾರಿಗೆ ಯಾವುದು

ಆರು ತಿಂಗಳಿರುವ, ಅದೇ ಆಸ್ಪತ್ರೆಯ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿ ಪ್ರಶ್ನಾವಳಿ ಹಿಡಿಯಬಹುದು. ಆದರೆ ಸಿಸ್ಟರ್‌ಗಳನ್ನು ಮಾತ್ರ ಕೇಳಬೇಡಿ. ಅದೇ ಪ್ರಶ್ನೆಗಳನ್ನು ವೈದ್ಯರಿಗೂ ಅಟೆಂಡರ್‌ಗಳಿಗೂ ಕೇಳಿ, ಉತ್ತರಗಳ ನಡುವಿನ ಬಿರುಕನ್ನೇ ಥೀಸಿಸ್ ಮಾಡಿ, ಬಿರುಕು ಕಂಡಲ್ಲಿ ಹತ್ತು ಜನರನ್ನು ಕೂರಿಸಿ ಮಾತಾಡಿಸಿ. ಅಟೆಂಡರ್‌ಗಳಿಗೆ ಫಾರಂ ಕೊಡದೆ ಬಾಯಲ್ಲಿ ಕೇಳಿ ಬರೆದುಕೊಳ್ಳಿ.

ಸರ್ಜರಿ, ಅರಿವಳಿಕೆ ಪಿ.ಜಿ.ಗಳಿಗೆ ಗುರುತು ಹಾಳೆ ಸರಿ, ಬೇರೆ ಯೂನಿಟ್ಟಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು. ಆಸ್ಪತ್ರೆಯ ಕ್ವಾಲಿಟಿ ವಿಭಾಗದವರಿಗೆ ಎನ್.ಎ.ಬಿ.ಎಚ್. (ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಮಂಡಳಿ) ಭೇಟಿಯ ಒತ್ತಡ ಇರುತ್ತದೆ, ತಿಂಗಳು ತಿಂಗಳ ರೇಖೆ ಅವರಿಗೆ ಸಾಕು. ಮೂರು ವರ್ಷ ಇರುವ ಪಿಎಚ್.ಡಿ.ಯವರು, ಅದರಲ್ಲೂ ಹೊರಗಿನವರು, ಧೈರ್ಯವಾಗಿ ವಾರ್ಡಿನಲ್ಲಿ ಕೂರಲಿ.

ಕಮ್ಯುನಿಟಿ ಮೆಡಿಸಿನ್‌ನವರಿಗೆ ನನ್ನ ಸಲಹೆ ಬೇರೆ. ಓ.ಟಿ. ಬಿಡಿ. ಹಳ್ಳಿಯಲ್ಲಿ ಆಶಾ, ಎ.ಎನ್.ಎಂ. (ಉಪಕೇಂದ್ರದ ನರ್ಸ್), ಅಂಗನವಾಡಿ ಕಾರ್ಯಕರ್ತೆ ಮೂವರೂ ಒಂದೇ ಗರ್ಭಿಣಿಯ ಮನೆಗೆ ಹೋಗುತ್ತಾರೆ. ಇಬ್ಬರು ಆರೋಗ್ಯ ಇಲಾಖೆ, ಒಬ್ಬರು ಮಹಿಳಾ ಮತ್ತು ಮಕ್ಕಳ ಇಲಾಖೆ. ಒಬ್ಬರಿಗೆ ಸಂಬಳ, ಇಬ್ಬರಿಗೆ ಗೌರವಧನ. ಮೂವರ ರಿಜಿಸ್ಟರೂ ಬೇರೆ. ಇದನ್ನು ತಂಡ ಎನ್ನಬಹುದೇ ಎಂಬುದೇ ಒಂದು ಪ್ರಶ್ನೆ, ಅದಕ್ಕೆ ಗಿಟೆಲ್ ಬಗೆಯ ಹೊಂದಾಣಿಕೆಯ ಪ್ರಶ್ನೆಗಳೂ ಬೇಕು, ಸ್ಟ್ರಾಸ್ ಬಗೆಯ ಚೌಕಾಸಿಯ ಕಣ್ಣೂ ಬೇಕು. ಎರಡನ್ನೂ ಸೇರಿಸುವುದಾದರೆ ಒಂದು ಎಚ್ಚರ: ಕೊನೆಯಲ್ಲಿ ನಾಲ್ಕು ಸಂದರ್ಶನ ಅಂಟಿಸಿ "ಮಿಶ್ರ ವಿಧಾನ" ಎಂದು ಕರೆಯಬೇಡಿ. ಎಡ್ಮಂಡ್‌ಸನ್ ಅವರ ಸಹಾಯಕರಂತೆ, ಸಂಖ್ಯೆಯನ್ನು ತಲೆಕೆಳಗು ಮಾಡುವ ಅಧಿಕಾರ ನೋಡಿ ಬಂದವರಿಗೆ ಇರಬೇಕು.

ಇಷ್ಟಾದ ಮೇಲೂ ತೀರ್ಮಾನವಾಗದಿದ್ದರೆ, ಅನುಮತಿ ಕೇಳಿಕೊಂಡು, ಸಿನಾಪ್ಸಿಸ್ ಬರೆಯುವ ಮುಂಚೆ ಒಂದು ರಾತ್ರಿ ಪಾಳಿ ವಾರ್ಡಿನಲ್ಲಿ ಕೂತು ಬನ್ನಿ. ಪೆನ್ನು, ಒಂದು ಖಾಲಿ ಹಾಳೆ ಸಾಕು. ಯಾರು ಯಾರ ಹತ್ತಿರ ಮಾತಾಡಿದರು, ಯಾರು ಯಾರನ್ನು ಎಬ್ಬಿಸಿದರು, ಯಾರು ಓಡಿದರು ಎಂದು ಗೆರೆ ಎಳೆಯುತ್ತ ಹೋಗಿ. ಹೆಸರು ಬೇಡ, ಹುದ್ದೆ ಬರೆದರೆ ಸಾಕು. ಬೆಳಿಗ್ಗೆ ಕಾಫಿ ಕುಡಿಯುತ್ತ, ಆ ಹಾಳೆಯಲ್ಲಿರುವವರಲ್ಲಿ ಎಷ್ಟು ಮಂದಿ ನೀವು ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನಾವಳಿಯ ಹುದ್ದೆಗಳ ಪಟ್ಟಿಯಲ್ಲಿದ್ದಾರೆ ಎಂದು ಎಣಿಸಿ. ಅರ್ಧದಷ್ಟೂ ಇಲ್ಲದಿದ್ದರೆ ಪ್ರಶ್ನಾವಳಿ ಬದಲಿಸಿ, ಇಲ್ಲವೇ ಶೀರ್ಷಿಕೆಯಿಂದ "ತಂಡ" ಎಂಬ ಪದ ತೆಗೆದುಹಾಕಿ ಗೈಡ್‌ಗೆ ತೋರಿಸಿ.